ಆಲ್ಪ್ಸ್ ಗುಡ್ಡದಲ್ಲಿ ಅಕ್ಕನ ಮೊಣಕಾಲು

ಹೆಬಳೆಯ ಅಂಗಳ

ನಮ್ಮ ಕಡೆಯವರಿಗೆ ನಡೆಯುವವರನ್ನು ಕಂಡರೆ ಕನಿಕರ. ಕುಮಟೆಯ ರಸ್ತೆಯಲ್ಲಿ ನಾನು ಹತ್ತು ನಿಮಿಷ ಸುಮ್ಮನೆ ನಡೆದರೆ ಕಡಿಮೆಯೆಂದರೂ ಮೂರು ಸ್ಕೂಟರು ಪಕ್ಕದಲ್ಲಿ ನಿಲ್ಲುತ್ತವೆ. "ಎಂತಾ ಸರ್ವೆಯರೇ, ಗಾಡಿ ಕೆಟ್ಟೋಯ್ತಾ? ಹತ್ತಿ ಹತ್ತಿ." ಇಲ್ಲ ಮಾರಾಯ, ಸುಮ್ಮನೆ ನಡೆಯುತ್ತಿದ್ದೇನೆ ಎಂದರೆ ಅವರ ಮುಖ ಸಣ್ಣದಾಗುತ್ತದೆ. ದನಿ ತಗ್ಗಿಸಿ, "ಶುಗರ್ ಎಷ್ಟದೆ?" ಎಂದು ವಿಚಾರಿಸುತ್ತಾರೆ. ಡಾಕ್ಟರರ ಅಪ್ಪಣೆಯಿಲ್ಲದೆ ಮನುಷ್ಯ ನಡೆಯುವುದುಂಟು ಎಂಬುದನ್ನು ನಮ್ಮ ತಾಲೂಕು ಇನ್ನೂ ಒಪ್ಪಿಕೊಂಡಿಲ್ಲ.

ಇಂಥಲ್ಲಿ, ಓಂ ಬೀಚಿನಿಂದ ಹೊರಟು, ಬೆನ್ನ ಮೇಲೆ ಬೀರುವಿನಷ್ಟು ಚೀಲ ಹೊತ್ತು, ಗುಡ್ಡ ಹತ್ತಿ ಇಳಿದು, ತದಡಿಯಲ್ಲಿ ತಾರಿಯ ದೋಣಿ ಹತ್ತಿ ಹೊಳೆ ದಾಟಿ, ಕಡಲಬದಿಯಲ್ಲೇ ಕುಮಟೆಯ ತನಕ ನಡೆದು ಬರುವ ಬಿಳಿಯ ಜನರನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಪಾಪ, ಬಸ್ಸು ತಪ್ಪಿರಬೇಕು ಎಂದು ಮುಂದಿನ ಬಸ್ಸಿನ ಸಮಯ ಹೇಳಿದ್ದೇನೆ. ಅವರು ನಕ್ಕು, ಕೈಮುಗಿದು, ಮತ್ತೆ ನಡೆದೇ ಹೋಗಿದ್ದಾರೆ. ಈ ಜನರ ಊರು ಹೇಗಿರಬಹುದು, ಅಲ್ಲಿಗೆ ಬಸ್ಸೇ ಇಲ್ಲವೋ ಏನೋ ಎಂಬ ಸಂಶಯ ನನಗೆ ಬಹಳ ಕಾಲದಿಂದ ಇತ್ತು. ಅದನ್ನು ಖುದ್ದು ಸ್ಥಳ ತನಿಖೆ ಮಾಡುವ ಯೋಗ ಕಳೆದ ಬೇಸಿಗೆಯಲ್ಲಿ ಬಂತು. ಕಾರಣ ನನ್ನ ಅಕ್ಕ ಮಾದೇವಿಯ ಎರಡು ಮೊಣಕಾಲುಗಳು.

ಅಕ್ಕನಿಗೆ ಅರವತ್ತಾರು. ಭಟ್ಕಳದ ಹತ್ತಿರ ಹೆಬಳೆಯಲ್ಲಿ ಮಲ್ಲಿಗೆ ಗಿಡ ಸಾಕಿಕೊಂಡಿದ್ದಾಳೆ. ಬೆಳಗಾಗುವ ಮೊದಲು ಬಗ್ಗಿ ಮೊಗ್ಗು ಕೊಯ್ಯುವುದು, ಆಮೇಲೆ ಚಕ್ಕಳಮಕ್ಕಳ ಕೂತು ಕಟ್ಟುವುದು. ನಲವತ್ತು ವರ್ಷ ಇದೇ. ಭಟ್ಕಳದ ಮಲ್ಲಿಗೆ ಕಡಲಾಚೆ ಹೋಗಿ ಘಮಘಮಿಸಿತು, ಅಕ್ಕನ ಮೊಣಕಾಲು ಹೆಬಳೆಯಲ್ಲೇ ಸವೆಯಿತು. ಡಾಕ್ಟರರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಎರಡನ್ನೂ ಬದಲಾಯಿಸಬೇಕು ಎಂದರು. ಅಕ್ಕ ಹೇಳಿದಳು: "ಅವ್ರು ಫೋಟೋ ನೋಡಿ ಹೇಳ್ತ್ರು. ನಾ ಮೊಣಕಾಲನ್ನೇ ನೋಡ್ತಾ ಇದ್ದೆ, ಅರವತ್ತಾರು ವರ್ಷದಿಂದ."

ಅಕ್ಕನ ಮಗಳು ವೀಣಾ ಆಸ್ಟ್ರಿಯಾ ದೇಶದ ಟಿರೋಲ್ ಎಂಬ ಗುಡ್ಡದ ಸೀಮೆಯಲ್ಲಿ ನರ್ಸು. ದಿನವೂ ಫೋನಿನಲ್ಲಿ ತಾಯಿಯನ್ನು ಆಪರೇಷನ್ನಿಗೆ ಒಪ್ಪಿಸಲು ನೋಡಿ ಸೋತವಳು, ಕೊನೆಗೆ ಒಂದು ಪಂಥ ಕಟ್ಟಿದಳು. "ಆಯಿ, ನೀ ಇಲ್ಲಿಗೆ ಬಾ. ನಮ್ಮ ಗುಡ್ಡದ ಮೇಲೆ ಒಂದು ಛತ್ರ ಅದೆ. ತಂತಿಗಾಡಿ ಇಳಿದಲ್ಲಿಂದ ಅಲ್ಲಿ ತನಕ ನಿನ್ನ ಕಾಲ್ಮೇಲೇ ಹೋಗಿ, ನಿನ್ನ ಕಾಲ್ಮೇಲೇ ವಾಪಸ್ ಬಂದ್ರೆ, ನಾ ಇನ್ನು ಆಪರೇಷನ್ ಸುದ್ದಿ ಎತ್ತೂದಿಲ್ಲ. ಯಾರಾದ್ರೂ ಎತ್ಕೊಂಡು ಬಂದ್ರೋ, ಸೀದಾ ಟೇಬಲ್ ಮೇಲೆ ಮಲಗೂದು. ಮಾವ ಸಾಕ್ಷಿ."

ಮಾವ ಅಂದರೆ ನಾನು. ಸರ್ವೇ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಅನ್ಯರ ಜಮೀನಿನ ಗಡಿಗೆ ಸಾಕ್ಷಿಯಾದವನು, ಸ್ವಂತ ಅಕ್ಕನ ಮೊಣಕಾಲಿಗೆ ಆಗಲಾರೆನೇ? ಆದೆ.

ಹೊರಡುವ ದಿನ ಅಂಗಳದಲ್ಲಿ ಎರಡು ದೊಡ್ಡ ಪೆಟ್ಟಿಗೆ, ಹೊಸ ಸ್ವೆಟರು ತೊಟ್ಟು ಬೆವರುತ್ತಿದ್ದ ಅಕ್ಕ. ಬೇಲಿಯಾಚೆಯ ಪಕ್ಕದ ಮನೆಯವಳು ಎಲ್ಲವನ್ನೂ ಕಣ್ಣಲ್ಲೇ ತೂಗಿ ಕೇಳಿದಳು: "ದೂರ ಹೊರಟ್ರಾ, ಮಾದೇವಕ್ಕ?"

"ದೂರ ಎಂತ ಅಲ್ಲ. ಇಲ್ಲೇ, ಸ್ವಲ್ಪ."

ಇದು ನಮ್ಮಲ್ಲಿ ಸುಳ್ಳಲ್ಲ, ಶಾಸ್ತ್ರ. ಹೊರಟು ನಿಂತವರನ್ನು "ಎಲ್ಲಿಗೆ" ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಹೊರಟವರೂ ಇಂಥಲ್ಲಿಗೆ ಎಂದು ಬಾಯಿ ಬಿಡಬಾರದು. ಅಕ್ಕನಿಗೆ ಇದರಲ್ಲಿ ಪುರಾವೆಸಹಿತ ನಂಬಿಕೆ. ನಾನು ಇಲಾಖೆಯ ಪರೀಕ್ಷೆಗೆ ಕಾರವಾರಕ್ಕೆ ಹೊರಟಾಗ ಯಾರೋ "ಎಲ್ಲಿಗೋ" ಎಂದು ಕೇಳಿಬಿಟ್ಟರಂತೆ. ನಾನು ನಪಾಸಾದೆ. ಓದಿರಲಿಲ್ಲ ಎಂಬ ನನ್ನ ಹೇಳಿಕೆಯನ್ನು ಅಕ್ಕ ಇಂದಿಗೂ ದಾಖಲೆಗೆ ತೆಗೆದುಕೊಂಡಿಲ್ಲ.

ಕೆಳಗಿನ ಊರು

ವೀಣಾಳ ಊರಿನ ಹೆಸರನ್ನು ಹೇಳಬೇಕಾದರೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡಿರಬೇಕು, ಆದ್ದರಿಂದ ಬಿಟ್ಟಿದ್ದೇನೆ. ಸುತ್ತ ಗುಡ್ಡ. ನಮ್ಮ ಗುಡ್ಡಗಳು ಹಸಿರು ಹೊದ್ದು ಮಲಗಿದ ಎಮ್ಮೆಗಳಂತಿದ್ದರೆ ಇವು ತಲೆಗೆ ಸುಣ್ಣ ಬಳಿದುಕೊಂಡು ಎದ್ದು ನಿಂತಿವೆ. ಬಸ್ಸು ಇದೆಯೇ ಎಂದು ಮೊದಲ ದಿನವೇ ತನಿಖೆ ಮಾಡಿದೆ. ಇದೆ. ಹೇಳಿದ ನಿಮಿಷಕ್ಕೆ ಬರುತ್ತದೆ. ಬಂದ ಬಸ್ಸಿನಿಂದ ಜನ ಇಳಿದು, ಎರಡು ಕೈಯಲ್ಲಿ ಎರಡು ಕೋಲು ಹಿಡಿದು, ನಡೆಯಲು ಹೊರಡುತ್ತಾರೆ! ನಡೆಯುವುದಕ್ಕಾಗಿ ಬಸ್ಸು ಹತ್ತುವ ಜನರನ್ನು ನಾನು ಅಲ್ಲಿಯೇ ಮೊದಲು ಕಂಡದ್ದು.

ಊರ ಹೊರಗೆ ಒಂದು ವಿಹಾರದ ಜಾಗ. ಅಲ್ಲಿ 'ಬರಿಗಾಲಿನ ದಾರಿ' ಎಂದು ಬೋರ್ಡು. ಜನ ಸಾಲಾಗಿ ಬೂಟು ಬಿಚ್ಚಿಟ್ಟು, ಮುಖ ಗಂಭೀರ ಮಾಡಿಕೊಂಡು, ಜಲ್ಲಿಯ ಮೇಲೆ ಹತ್ತು ಹೆಜ್ಜೆ, ಮರಳಿನ ಮೇಲೆ ಹತ್ತು, ಆಮೇಲೆ ಒಂದು ಚೌಕದೊಳಗೆ ಅಳತೆಯಾಗಿ ತುಂಬಿಸಿಟ್ಟ ಕೆಸರಿನಲ್ಲಿ ಹತ್ತು ಹೆಜ್ಜೆ ನಡೆಯುತ್ತಿದ್ದರು. ಒಬ್ಬ ಅಜ್ಜಿ ಕೆಸರಿನಲ್ಲಿ ನಿಂತು ಕಣ್ಣು ಮುಚ್ಚಿದ್ದಳು. ಅಕ್ಕ ಬಹಳ ಹೊತ್ತು ನೋಡಿದಳು.

"ಇವ್ರಿಗೆ ಎಂತ ಆಗಿದ್ದೋ ತಮ್ಮ?"

"ಆರೋಗ್ಯಕ್ಕಂತೆ."

"ನಮ್ಮ ಮನೆ ಹಿಂದಿನ ಗದ್ದೆಗೆ ಕಳ್ಸಿ ಕೊಡು. ಆರೋಗ್ಯವೂ ಆತು, ನಟ್ಟಿಯೂ ಆತು."

ಅದರಾಚೆ ಮೊಣಕಾಲುದ್ದದ ಒಂದು ಕೊಳ. ಮಧ್ಯೆ ಕಂಬಿ. ಆ ಕಂಬಿ ಹಿಡಿದು ಹಿಮದ ನೀರಿನಲ್ಲಿ ಕೊಕ್ಕರೆಯ ಹಾಗೆ ಒಂದೊಂದೇ ಕಾಲೆತ್ತಿ ಸುತ್ತು ಬರಬೇಕು. ಪಕ್ಕದಲ್ಲಿ ನಿಯಮಾವಳಿ. ಎಷ್ಟು ಸುತ್ತು, ಆಮೇಲೆ ಕಾಲು ಒರೆಸಬೇಕೇ ಬೇಡವೇ, ಎಲ್ಲ ಅದರಲ್ಲಿದೆ. ಅಕ್ಕ ಇದನ್ನೂ ಗೇಲಿ ಮಾಡುತ್ತಲೇ ಸೀರೆ ಎತ್ತಿ ಇಳಿದಳು. ಒಂದು ಸುತ್ತು ಬಂದಳು. ಮಾತು ನಿಂತಿತು. ಮತ್ತೊಂದು ಸುತ್ತು ಬಂದಳು. ಐದಾದ ಮೇಲೆ ನಾನು, "ಅಕ್ಕಾ, ಮೊಣಕಾಲು ಹೇಗದೆ?" ಎಂದೆ.

"ಮೊಣಕಾಲಿಗೆ ಎಂತ? ಅದು ಅಲ್ಲೇ ಅದೆ."

ವೀಣಾ ದಡದಲ್ಲಿ ನಿಂತು, ತಾಯಿ ಯಾವ ಕಾಲನ್ನು ಎಷ್ಟು ಎತ್ತುತ್ತಾಳೆಂದು ನರ್ಸಿನ ಕಣ್ಣಿನಿಂದ ನೋಡುತ್ತಿದ್ದಳು.

ತಂತಿಗಾಡಿ ನಿಲ್ದಾಣ

ಮರುದಿನ ಪಂಥದ ದಿನ. ವೀಣಾಳಿಗೆ ಬೆಳಗಿನ ಪಾಳಿ. "ಛತ್ರದಲ್ಲಿ ಕೂತಿರಿ, ಮೂರು ಗಂಟೆಗೆ ನಾ ಬತ್ತೆ. ಛತ್ರ ಬಿಟ್ಟು ಮುಂದೆ ಹೋಗೂದಿಲ್ಲ, ಕೇಳ್ತಾ ಮಾವ?" ಎಂದು ಹೇಳಿ, ತಂತಿಯ ಮೇಲೆ ತೂಗುತ್ತ ಹೋಗುವ ಗಾಜಿನ ಪೆಟ್ಟಿಗೆಯಲ್ಲಿ ನಮ್ಮನ್ನು ಕೂರಿಸಿ ಹೋದಳು. ಅಕ್ಕ ಮೇಲೆ ತಲುಪುವ ತನಕ ಕಣ್ಣು ತೆರೆಯಲಿಲ್ಲ.

ಮೇಲೆ ಇಳಿದಲ್ಲಿ ಹಳದಿ ಬೋರ್ಡು: ಛತ್ರಕ್ಕೆ ನಲವತ್ತು ನಿಮಿಷ. ಇಲ್ಲಿ ನನಗೆ ನಿಜವಾದ ಆಘಾತವಾಯಿತು. ಈ ದೇಶದ ಗುಡ್ಡಗಳಲ್ಲಿ ದೂರವನ್ನು ಮೀಟರಿನಲ್ಲಿ ಹೇಳುವುದಿಲ್ಲ, ಗಡಿಯಾರದಲ್ಲಿ ಹೇಳುತ್ತಾರೆ. ಯಾರ ನಲವತ್ತು ನಿಮಿಷ? ಯಾವ ಕಾಲಿನ ನಲವತ್ತು ನಿಮಿಷ? "ಹಲಸಿನ ಮರದಿಂದ ಬಾವಿಯ ತನಕ ನಾಲ್ಕು ನಿಮಿಷ" ಎಂದು ನಾನು ಒಂದೇ ಒಂದು ಸಲ ಅಳತೆ ಪುಸ್ತಕದಲ್ಲಿ ಬರೆದಿದ್ದರೆ ಅದೇ ಸಂಜೆ ಅಮಾನತಾಗುತ್ತಿದ್ದೆ.

ದಾರಿ ಮಾತ್ರ ನಮ್ಮ ಕಡೆಯ ಮದುವೆ ಮನೆಯ ಅಂಗಳದಂತೆ ಚೊಕ್ಕಟ. ನೂರು ಹೆಜ್ಜೆಗೊಂದು ಬೆಂಚು. ಪ್ರತಿ ತಿರುವಿನ ಬಂಡೆಯ ಮೇಲೆ ಕೆಂಪು ಬಿಳಿ ಪಟ್ಟೆ. ಎದುರು ಬಂದ ಪ್ರತಿಯೊಬ್ಬರೂ "ಗ್ರೂಸ್ ಗಾಟ್" ಎಂದು ದೇವರ ಹೆಸರಲ್ಲಿ ನಮಸ್ಕರಿಸುತ್ತಾರೆ. ಅಕ್ಕ ಪ್ರತಿಯೊಬ್ಬರಿಗೂ "ಊಟ ಆತಾ?" ಎಂದಳು. ಅವರು ತಲೆಯಾಡಿಸಿದರು. ವ್ಯವಹಾರ ಚೆನ್ನಾಗಿಯೇ ನಡೆಯಿತು.

ಮುಂದೆ ಹುಲ್ಲುಗಾವಲಿನ ಅಂಚಿನಲ್ಲಿ ಚಿತ್ರಸಹಿತ ದೊಡ್ಡ ಫಲಕ. ಹಸುಗಳ ಬಳಿ ಹೇಗೆ ನಡೆದುಕೊಳ್ಳಬೇಕು: ದೂರವಿರಿ, ಕರು ಮುಟ್ಟಬೇಡಿ, ಗಾಬರಿಯಾಗಬೇಡಿ, ನಿಧಾನವಾಗಿ ಸರಿಯಿರಿ. ಕೋಲು, ಬೂಟು, ಕಪ್ಪು ಕನ್ನಡಕ, ನೀರಿನ ನಳಿಗೆ ಸಮೇತ ದಂಡಯಾತ್ರೆಗೆ ಸಜ್ಜಾದ ಗಂಡಹೆಂಡತಿ ಆ ಫಲಕದ ಮುಂದೆ ನಿಂತು, ದಾರಿಗೆ ಅಡ್ಡ ಮಲಗಿದ್ದ ಒಂದು ಕಂದು ಹಸುವನ್ನು ನೋಡುತ್ತ ಯೋಚನೆಗೆ ಬಿದ್ದಿದ್ದರು. ಭಟ್ಕಳದ ಹೆದ್ದಾರಿಯಲ್ಲಿ ಹಸು ಮಲಗಿದರೆ ಟ್ಯಾಂಕರೇ ಸುತ್ತು ಹಾಕಿ ಹೋಗುತ್ತದೆ, ಫಲಕ ಓದುವ ಪದ್ಧತಿಯಿಲ್ಲ. ಅಕ್ಕ ಸೀದಾ ಹೋಗಿ, "ಏಳೇ ಮಾರಾಯ್ತಿ, ಜನ ಹೋಗೂದು ಬೇಡ್ವಾ?" ಎಂದು ಅದರ ಬೆನ್ನು ತಟ್ಟಿದಳು. ಹಸು ಎದ್ದು, ಅಕ್ಕನ ಕೈ ನೆಕ್ಕಿ, ಗಂಟೆಯಾಡಿಸುತ್ತ ಬದಿಗೆ ಸರಿಯಿತು. ಗಂಡಹೆಂಡತಿ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ ಚಪ್ಪಾಳೆ ತಟ್ಟಿದರು.

ನಲವತ್ತು ನಿಮಿಷದ ದಾರಿಯನ್ನು ನಾವು ಒಂದೂಮುಕ್ಕಾಲು ಗಂಟೆಯಲ್ಲಿ ಯಶಸ್ವಿಯಾಗಿ ಪೂರೈಸಿದೆವು. ಅಕ್ಕ ಒಂದು ಬೆಂಚಿನಲ್ಲೂ ಕೂರಲಿಲ್ಲ. ಕೂತರೆ ಏಳುವುದು ಕಷ್ಟ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ದೃಶ್ಯವನ್ನು ಹೊಗಳುತ್ತ ನಿಂತು ನಿಂತು ಹೋದೆವು.

ಗುಡ್ಡದ ಛತ್ರ

ಛತ್ರವೆಂದರೆ ಮರದ ಮನೆ. ಸಾರು, ರೊಟ್ಟಿ, ಮಲಗಲು ಜಾಗ. ಯಜಮಾನಿ ಮಾರ್ಥಾ ಎಂಬಾಕೆ. ಹೊನ್ನಾವರದ ಮೀನು ಪೇಟೆಯಲ್ಲಿ ಕೂರಿಸಿದ್ದರೆ ಪೇಟೆ ಅವಳ ಮಾತಿನಂತೆ ನಡೆಯುತ್ತಿತ್ತು, ಅಂಥ ತೋಳು, ಅಂಥ ದನಿ. ನಮಗೆ ಬಿಸಿ ಸಾರು ಕೊಟ್ಟಳು. ಗಡಿಯಾರದಲ್ಲಿ ಹನ್ನೆರಡೂವರೆ. ವೀಣಾ ಬರಲು ಎರಡೂವರೆ ಗಂಟೆಯಿತ್ತು.

ಗೋಡೆಯ ಮೇಲೆ ಒಂದು ಫೋಟೋ ತೂಗಿತ್ತು. ಗುಡ್ಡಗಳ ನಡುವೆ ಹಸಿರು ಬಣ್ಣದ ಒಂದು ಕೆರೆ, ಅದರೊಳಗೆ ತಲೆಕೆಳಗಾಗಿ ಅದೇ ಗುಡ್ಡಗಳು. ಅಕ್ಕ ಅದರ ಮುಂದೆ ನಿಂತಳು. ದೇವರ ಫೋಟೋದ ಮುಂದೆ ಕೂಡ ಅವಳು ಅಷ್ಟು ಹೊತ್ತು ನಿಂತದ್ದನ್ನು ನಾನು ನೋಡಿಲ್ಲ.

"ಇದು ಎಲ್ಲೋ ತಮ್ಮ?"

ಮಾರ್ಥಾಳನ್ನು ಇಂಗ್ಲಿಷಿನಲ್ಲಿ ಕೇಳಿದೆ. ಇಲ್ಲಿಂದ ಮುಂದೆ, ಒಂದು ಗಂಟೆ ಎಂದಳು. ಒಂದು ಗಂಟೆಯೆಂದರೆ ನಮ್ಮ ಕಾಲಿಗೆಷ್ಟು ಎಂದು ನಾನು ಗುಣಿಸುವಷ್ಟರಲ್ಲಿ ಅಕ್ಕ ಕೊಡೆ ಕೈಗೆತ್ತಿಕೊಂಡಿದ್ದಳು.

"ವೀಣಾ ಮುಂದೆ ಹೋಗ್ಬೇಡಿ ಅಂದಿದ್ದಾಳೆ."

"ಅವ್ಳು ನಿನ್ನ ಅಮ್ಮನಾ, ನಾ ಅವಳ ಅಮ್ಮನಾ? ಸ್ವಲ್ಪ ಹೋಗಿ ನೋಡೂದು, ಬರೂದು."

ಬಾಗಿಲಲ್ಲಿ ಮಾರ್ಥಾ ದಪ್ಪ ರಿಜಿಸ್ಟರು ಹಿಡಿದು ನಿಂತಿದ್ದಳು. ಛತ್ರದಿಂದ ಮುಂದೆ ಹೋಗುವವರು ಅದರಲ್ಲಿ ಹೆಸರು, ಊರು, ಎಲ್ಲಿಗೆ ಹೋಗುತ್ತೇವೆಂಬುದನ್ನು ಬರೆಯಬೇಕು. ತಪ್ಪಿಸಿಕೊಂಡರೆ ಹುಡುಕಲು ಬೇಕಾಗುತ್ತದೆ. ಬಹಳ ಒಳ್ಳೆಯ ವ್ಯವಸ್ಥೆ. ಹೆಸರು ಬರೆದೆ. ಊರು, ಇಬ್ಬರಿಗೂ ಸೇರಿಸಿ ಹೆಬಳೆ ಎಂದು ಬರೆದೆ.

"ಎಲ್ಲಿಗೆ?" ಎಂದಳು ಮಾರ್ಥಾ.

ಇಂಗ್ಲಿಷಾದರೂ ಅಕ್ಕನಿಗೆ ಅರ್ಥವಾಯಿತು. ಅವಳ ಮುಖ ಕಪ್ಪಿಟ್ಟಿತು. "ಕೇಳಿಬಿಟ್ಳಲ್ಲೋ! ಹೊಸ್ತಿಲು ದಾಟುವಾಗ್ಲೇ ಕೇಳಿಬಿಟ್ಳಲ್ಲೋ!" ಎಂದು ವಾಪಸು ಒಳಗೆ ಹೋಗಿ, ಕೂತು, ಒಂದು ಲೋಟ ನೀರು ಕುಡಿದು, ದೋಷ ಕಳೆದುಕೊಂಡು ಮತ್ತೆ ಬಂದಳು. "ಕೆರೆ ಅಂತ ಬರೆದ್ಯೋ, ನೋಡು! ಬರೆದ್ರೆ ಕೆರೆ ಕಾಣೂದಿಲ್ಲ."

"ಅಕ್ಕಾ, ಇದು ಸರ್ಕಾರಿ ರಿಜಿಸ್ಟರಿನ ಹಾಗೆ."

"ಕಾರವಾರದ್ದು ನೆನಪದೆಯಾ?"

ಅಲ್ಲಿಗೆ ನನ್ನ ವಾದ ವಜಾ ಆಯಿತು. ಮೂವತ್ತನಾಲ್ಕು ವರ್ಷ ಒಂದು ಕಾಲಮ್ಮನ್ನೂ ಖಾಲಿ ಬಿಡದ ನಾನು ಅಲ್ಲಿ ಇಂಗ್ಲಿಷಿನಲ್ಲಿ ಬರೆದೆ: "ದೂರವೇನಲ್ಲ." ಮಾರ್ಥಾ ಓದಿದಳು. ನನ್ನನ್ನು ನೋಡಿದಳು. "ಕೆರೆಯೋ? ಕಣಿವೆಯೋ? ಜಲಪಾತವೋ?" "ಸುಮ್ಮನೆ, ಹೀಗೇ" ಎಂದೆ. ಆ ದೇಶದಲ್ಲಿ ಹೀಗೇ ಎಂಬ ಸ್ಥಳವಿಲ್ಲವಂತೆ. ಅದು ನನಗೆ ಆಮೇಲೆ ತಿಳಿಯಿತು.

ಮೂರು ದಾರಿಗಳಾಚೆಯ ಬೆಂಚು

ಅರ್ಧ ಗಂಟೆ ನಡೆದಾಗ ಮೂರು ದಾರಿ ಕವಲೊಡೆದವು. ನಾವು ಕೆರೆಯ ದಾರಿ ಹಿಡಿದು ನೂರಿನ್ನೂರು ಹೆಜ್ಜೆ ಹೋಗಿರಬೇಕು. ಮಂಜು ಬಂತು. ನಮ್ಮ ಕಡೆ ಮಂಜೆಂದರೆ ಬೆಳಗ್ಗೆ ಶರಾವತಿಯ ಮೇಲೆ ತೆಳುವಾಗಿ ಕೂತು ಬಿಸಿಲಿಗೆ ಮರ್ಯಾದೆಯಿಂದ ಎದ್ದು ಹೋಗುವ ವಸ್ತು. ಇಲ್ಲಿಯದು ಮಧ್ಯಾಹ್ನ ಒಂದೂವರೆಗೆ ಗೋಡೆಯಂತೆ ಬಂದು ನಿಂತಿತು. ಕೊಡೆಯ ತುದಿ ಕಾಣಲಿಲ್ಲ. ಕೆಂಪು ಬಿಳಿ ಪಟ್ಟೆಯೂ ಇಲ್ಲ. ಪುಣ್ಯಕ್ಕೆ ಒಂದು ಬೆಂಚು ಸಿಕ್ಕಿತು, ನನ್ನ ಮೊಣಕಾಲಿಗೆ ಬಡಿದು.

ಅಕ್ಕ ಕೂತಳು. ಪಂಥ ಶುರುವಾದ ಮೇಲೆ ಹೊರಗೆ ಕೂತದ್ದು ಅದೇ ಮೊದಲು. ಫೋನು ತೆಗೆದೆ, ಸಿಗ್ನಲ್ ಇರಲಿಲ್ಲ. ಒಂದು ಗಂಟೆ ಕಳೆಯಿತು. ಅಕ್ಕ ಎರಡೂ ಅಂಗೈಗಳನ್ನು ಮೊಣಕಾಲ ಮೇಲಿಟ್ಟು ಒತ್ತುತ್ತಿದ್ದಳು, ನಾನು ನೋಡಿದಾಗ ಮಾತ್ರ ಕೈ ತೆಗೆಯುತ್ತಿದ್ದಳು.

"ನೋವಾ ಅಕ್ಕಾ?"

"ಚಳಿ."

ಅತ್ತ ಮೂರು ಗಂಟೆಗೆ ವೀಣಾ ಛತ್ರ ತಲುಪಿ, ರಿಜಿಸ್ಟರು ನೋಡಿದಳು. 'ದೂರವೇನಲ್ಲ' ಎಂದರೆ ಮೂರು ದಾರಿಯಲ್ಲಿ ಯಾವುದೂ ಆಗಬಹುದು. ಆದ್ದರಿಂದ ವೀಣಾ ಅಳುತ್ತ ಕಣಿವೆಯ ದಾರಿ ಹಿಡಿದಳು. ಮಾರ್ಥಾಳ ಗಂಡ ಜಲಪಾತದ ಕಡೆ ಓಡಿದ. ಬೆಟ್ಟದಲ್ಲಿ ಅಪಾಯಕ್ಕೆ ಸಿಕ್ಕವರನ್ನು ರಕ್ಷಿಸುವ ಪಡೆಯ ಇಬ್ಬರು, ಸ್ಟ್ರೆಚರು ಹೊತ್ತು ಕೆರೆಯ ಕಡೆ ಹೊರಟರು. ಹೆಬಳೆಯ ಇಬ್ಬರು, ಛತ್ರದಿಂದ ಅರ್ಧ ಗಂಟೆಯಾಚೆ, ಬೆಂಚಿನ ಮೇಲೆ ಸುಖವಾಗಿ ಕೂತಿರುವಾಗ ಒಂದು ಗುಡ್ಡವೇ ಎದ್ದು ಹುಡುಕಲು ಹೊರಟಿತ್ತು.

ಸುಖವಾಗಿ ಎಂದೆ. ಬೆರಳು ಮರಗಟ್ಟತೊಡಗಿತ್ತು. ಆಗ ಅಕ್ಕ, "ತಡಿ" ಎಂದು ಕೈಯನ್ನು ಬಾಯಿಗೆ ಅಡ್ಡ ಹಿಡಿದು ಒಂದು ಕೂ ಹಾಕಿದಳು. ನಟ್ಟಿಯ ದಿನ ಗದ್ದೆಯ ಆಚೆ ತುದಿಯವರನ್ನು ಚಾಕ್ಕೆ ಕರೆಯುವ ಕೂ. "ಕೂ...ಊ!" ಆಲ್ಪ್ಸ್ ಪರ್ವತ ಅದನ್ನು ನಾಲ್ಕು ಸಲ ಹೇಳಿ ನೋಡಿತು. ಐದನೆಯ ಸಲ ಮಂಜಿನೊಳಗಿಂದ ಮನುಷ್ಯರ ದನಿ ಉತ್ತರಿಸಿತು.

ಬಂದವನು ರಕ್ಷಣೆಯ ಪಡೆಯ ಫ್ರಾಂಜ್. ತೆಂಗಿನ ಮರದಷ್ಟು ಉದ್ದ. ಅವನ ಜೊತೆಯವನು ಸ್ಟ್ರೆಚರು ಬಿಡಿಸಿ ನೆಲಕ್ಕಿಟ್ಟ. ಫ್ರಾಂಜ್ ಅಕ್ಕನ ಮೊಣಕಾಲು ಮುಟ್ಟಿ ನೋಡಿ, ಮಲಗಿ ಎಂದು ಸನ್ನೆ ಮಾಡಿದ. ಊದಿದೆ, ನಡೆಯುವುದು ಸಾಧ್ಯವಿಲ್ಲ ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದ.

ಅಕ್ಕ ಆ ಸ್ಟ್ರೆಚರನ್ನು ನೋಡಿದಳು. ಅದರ ಮೇಲೆ ಮಲಗುವುದೆಂದರೆ ಎಲ್ಲಿಗೆ ಹೋಗಿ ತಲುಪುವುದು ಎಂದು ಅವಳಿಗೆ ಗೊತ್ತಿತ್ತು.

"ಅವನಿಗೆ ಹೇಳು. ನನ್ನ ಹೊರೂಕೆ ನಾಲ್ಕು ಜನ ಬೇಕು. ಅದೂ ಒಂದೇ ಸಲ."

ಅನುವಾದಿಸಿದೆ. ಫ್ರಾಂಜ್ ಮೊದಲು ನಗಲಿಲ್ಲ, ಆಮೇಲೆ ಬಹಳ ನಕ್ಕ. ಅಷ್ಟರಲ್ಲಿ ಅಕ್ಕ ಬೆಂಚಿನ ಕೈ ಹಿಡಿದು ಎದ್ದಿದ್ದಳು. ಏಳುವಾಗ ಬಾಯಿಂದ ಬಂದ ಶಬ್ದವನ್ನು ಕೆಮ್ಮು ಮಾಡಿದಳು.

ಇಳಿಯುವ ದಾರಿ

ಮೆರವಣಿಗೆ ಹೊರಟಿತು. ಬಿಡಿಸಿದ ಸ್ಟ್ರೆಚರು ಖಾಲಿ ವಾಪಸು ಹೋಗುವುದು ಅಪಶಕುನವೆಂದು ಅಕ್ಕ ಹಟ ಹಿಡಿದದ್ದರಿಂದ, ಅದರ ಮೇಲೆ ಅವಳ ಕೊಡೆಯನ್ನೂ ಬಟ್ಟೆ ಚೀಲವನ್ನೂ ಮಲಗಿಸಿ, ಪಟ್ಟಿ ಬಿಗಿದು, ಇಬ್ಬರು ಗಂಡಸರು ಸಕಲ ಗೌರವಗಳೊಂದಿಗೆ ಹೊತ್ತರು. ಹಿಂದೆ ಅಕ್ಕ. ಅವಳ ಹಿಂದೆ, ಬಿದ್ದರೆ ಹಿಡಿಯಲು ಎರಡೂ ಕೈ ಮುಂದೆ ಚಾಚಿಕೊಂಡು ನಾನು. ಫ್ರಾಂಜ್ ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಿದ್ದ. ಅಕ್ಕ ಅವನು ತಿರುಗಿದಾಗಲೆಲ್ಲ ಕುಂಟುವುದನ್ನು ನಿಲ್ಲಿಸುತ್ತಿದ್ದಳು.

ಛತ್ರದ ಮೆಟ್ಟಿಲಲ್ಲಿ ಮಾರ್ಥಾ, ಹುಡುಕಿ ಕಾಣದೆ ವಾಪಸಾಗಿದ್ದ ವೀಣಾ, ಮಾರ್ಥಾಳ ಗಂಡ ಮೂವರೂ ನಿಂತಿದ್ದರು. ವೀಣಾ ಸ್ಟ್ರೆಚರನ್ನು ಕಂಡು ಓಡಿ ಬಂದಳು, ಅದರ ಮೇಲಿನ ಕೊಡೆಯನ್ನು ನೋಡಿ ನಿಂತಳು.

"ಎಂತ ಮಾವಾ ಇದು! ನಿಮ್ಗೆ ಬುದ್ಧಿ ಅದೆಯಾ? 'ದೂರವೇನಲ್ಲ' ಅಂತೆ! ಯಾರಾದ್ರೂ ಹಾಗೆ ಬರೀತ್ರಾ?"

ನಾನು ಇಲಾಖೆಯಲ್ಲಿ ಕಲಿತ ಮೌನವನ್ನು ತಾಳಿದೆ.

ಅಲ್ಲಿ ಅರ್ಧ ಗಂಟೆ ಕೂತು, ಮಾರ್ಥಾಳ ಸಾರು ಕುಡಿದು, ತಂತಿಗಾಡಿಯ ತನಕದ ದಾರಿಯನ್ನೂ ಅಕ್ಕ ನಡೆದಳು. ಎರಡು ಗಂಟೆ ಹಿಡಿಯಿತು. ಬೇಸಿಗೆಯ ಉದ್ದ ಹಗಲು, ಬೆಳಕಿಗೆ ಕೊರತೆಯಿರಲಿಲ್ಲ; ಕೊನೆಯ ಗಾಡಿಯನ್ನು ಮಾತ್ರ ಫ್ರಾಂಜ್ ಫೋನು ಮಾಡಿ ತಡೆಸಬೇಕಾಯಿತು. ವೀಣಾ ಪಕ್ಕದಲ್ಲೇ ನಡೆದಳು. ಪಂಥದ ಪ್ರಕಾರ ಕೈ ಕೊಡುವ ಹಾಗಿಲ್ಲ. ಅವಳು ಕೈಯನ್ನು ಕೋಟಿನ ಜೇಬಿನೊಳಗೆ ಮುಷ್ಟಿ ಕಟ್ಟಿ ಇಟ್ಟುಕೊಂಡಿದ್ದಳು.

ಗಾಜಿನ ಪೆಟ್ಟಿಗೆ ಕೆಳಗಿಳಿಯತೊಡಗಿತು. ಅಕ್ಕ ಈ ಸಲ ಕಣ್ಣು ಮುಚ್ಚಲಿಲ್ಲ, ಮಂಜು ಹರಿದ ಕಡೆಗೆ ಕತ್ತು ತಿರುಗಿಸಿ ಮೇಲೆ ನೋಡುತ್ತಿದ್ದಳು.

"ಆತು ಆಯಿ," ಎಂದಳು ವೀಣಾ. "ನೀ ಗೆದ್ದೆ. ಮಾತು ಅಂದ್ರೆ ಮಾತು. ಇನ್ನು ನಾ ಆಪರೇಷನ್ ಸುದ್ದಿ ಎತ್ತೂದಿಲ್ಲ."

"ನೀ ಎತ್ಬೇಡ," ಎಂದಳು ಅಕ್ಕ. ಸೀರೆಯ ನೆರಿಗೆ ಸರಿಮಾಡಿಕೊಂಡಳು. "ನಾನೇ ಎತ್ತತೆ. ಬೆಂಚಿಂದ ಏಳುವಾಗ ಜೀವ ಹೋತು. ಇಳಿಯುವಾಗ ಹೆಜ್ಜೆಗೊಂದ್ಸಲ ಹೋತು. ಹೆಬಳೆಯಲ್ಲಿ ಎಲ್ಲಿಗೆ ಹೋಗೂದದೆ ನಂಗೆ? ಗಿಡದಿಂದ ಜಗಲಿಗೆ, ಜಗಲಿಂದ ಗಿಡಕ್ಕೆ. ಅಷ್ಟಕ್ಕೆ ಈ ಕಾಲೇ ಸಾಕಾಗಿತ್ತು. ಆ ಕೆರೆ ಕಾಣೂಕೆ ಇದು ಸಾಲೂದಿಲ್ಲ."

ವೀಣಾ ಮುಷ್ಟಿಯನ್ನು ಜೇಬಿನಿಂದ ತೆಗೆದು ತಾಯಿಯ ಮೊಣಕಾಲ ಮೇಲಿಟ್ಟಳು. ನರ್ಸಿನ ದನಿ ತಂದುಕೊಂಡು, "ಎರಡೂ ಒಟ್ಟಿಗೆ ಬೇಡ. ಒಂದೊಂದೇ ಮಾಡ್ಸುವಾ. ಎಡಗಾಲು ಜಾಸ್ತಿ ಸವೆದದೆ, ಅದು ಮೊದ್ಲು," ಎಂದಳು.

ಅಕ್ಕ ಮಗಳ ಕೈಯನ್ನು ಎತ್ತಿ ಇನ್ನೊಂದು ಮೊಣಕಾಲ ಮೇಲೆ ಇಟ್ಟಳು.

"ಬಲಗಾಲು ಮೊದ್ಲು. ಶುಭಕಾರ್ಯ ಯಾರಾದ್ರೂ ಎಡಗಾಲಿಂದ ಶುರು ಮಾಡ್ತ್ರಾ?"